ಬಣ್ಣದ ಲೆಕ್ಕ

ರೌಮಾದ ಹಡಗುಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ
ನಾನು ಮಾಡಿದ್ದು ಒಂದೇ ಕೆಲಸ: ತೂಕ ಬರೆಯುವುದು.
ಉಕ್ಕಿನ ಹಾಳೆ, ಕೊಳವೆ, ತಂತಿ, ತಿರುಪು,
ಅಡುಗೆಮನೆಯ ಕಾಫಿ ಯಂತ್ರ, ನಾವಿಕರ ಒದ್ದೆ ಬೂಟು,
ಹಡಗಿಗೆ ಏರುವುದೆಲ್ಲ ಮೊದಲು ನನ್ನ ಪಟ್ಟಿಗೆ ಏರಬೇಕು.
ಬೆನ್ನ ಹಿಂದೆ ನನ್ನನ್ನು ತಕ್ಕಡಿ ಅನ್ನುತ್ತಾರೆ.
ಅನ್ನಲಿ. ತಕ್ಕಡಿಗೆ ದಾಕ್ಷಿಣ್ಯ ಇರಬಾರದು.

ಬೇಕು ಅನ್ನುವವರು ಬರುತ್ತಲೇ ಇರುತ್ತಾರೆ.
ರೇಡಾರಿನವರಿಗೆ ಇನ್ನೊಂದು ಮೀಟರು ಎತ್ತರ,
ಕ್ಷಿಪಣಿಯವರಿಗೆ ಇನ್ನು ಎಂಟೇ ಎಂಟು.
ಹೆಲ್ಸಿಂಕಿಯಿಂದ ಬಂದ ಕಮೋಡೋರ್ ಯುಸ್ಲೀನ್
ಕೋಟು ಬಿಚ್ಚುವ ಮೊದಲೇ
ಡ್ರೋನುಗಳಿಗೊಂದು ಗೂಡು ಬೇಕಲ್ಲ, ಅಂದರು,
ಮೊಟ್ಟೆಯಿಡುವ ಕೋಳಿಯ ವಿಷಯ ಎತ್ತಿದ ಹಾಗೆ.
ಎಲ್ಲರಿಗೂ ಬೇಕಾದದ್ದು ಮೇಲೆಯೇ.
ತಳಕ್ಕೊಂದಿಷ್ಟು ಕೊಡಿ ಎಂದು ಬಂದವರನ್ನು
ನಾನಂತೂ ಕಂಡಿಲ್ಲ.

ಫೆಬ್ರವರಿ, ಅನ್ನುತ್ತೇನೆ. ಅಷ್ಟೇ ನನ್ನ ವಾದ.
ಬೋತ್ನಿಯಾ ಕೊಲ್ಲಿಯ ಬಡಗಣ ಗಾಳಿಗೆ
ಎರಚಲು ನೀರು ತಾಗಿದಲ್ಲೇ ಗಾಜಾಗುತ್ತದೆ,
ಬೆರಳಷ್ಟಿದ್ದ ಹಗ್ಗ ತೊಡೆಯಷ್ಟಾಗುತ್ತದೆ,
ಯಾರ ಪಟ್ಟಿಯಲ್ಲೂ ಇಲ್ಲದ ಅರವತ್ತು ಟನ್ನು
ರಾತ್ರೋರಾತ್ರಿ ಬಂದು ತಲೆ ಮೇಲೆ ಕೂರುತ್ತದೆ.
ಹುಡುಗರು ಮರದ ಸುತ್ತಿಗೆ ಹಿಡಿದು ಬಡಿಯುತ್ತಾರೆ.
ಹಡಗು ಪಕ್ಕಕ್ಕೆ ವಾಲಿ, ಮರಳಿ ಏಳುವ ಮುನ್ನ
ಒಂದು ಗಳಿಗೆ ಯೋಚಿಸುತ್ತದೆ.
ಆ ಗಳಿಗೆಯನ್ನು ಚಿಕ್ಕದು ಮಾಡುವುದಕ್ಕೆ
ನನಗೆ ಸಂಬಳ.

ನಕ್ಷೆಯಲ್ಲೊಂದು ಕೋಣೆಯಿದೆ, ಚುಕ್ಕಾಣಿಮನೆಯ ಹಿಂದೆ.
ಹೆಸರಿಲ್ಲ, ಬರೀ ಅಂಕಿ. ಒಳಗೆ ಏನೂ ಇಲ್ಲ.
ಇನ್ನೂ ಯಾರ ತಲೆಗೂ ಹೊಳೆಯದ ಆಯುಧಕ್ಕೆ
ಕಾದಿಟ್ಟ ಜಾಗ.
ಅದನ್ನು ನಡೆಸುವವಳು ಈಗ ಎಲ್ಲೋ
ಹಾಲುಹಲ್ಲು ಅಲ್ಲಾಡಿಸುತ್ತ ಕೂತಿರಬಹುದು.
ಯಾರ ಮೇಲೆ ಎಂಬುದು ಗೊತ್ತಿಲ್ಲ.
ಕಮೋಡೋರಿಗೆ ಗೊತ್ತಂತೆ; ಕಿಟಕಿಯಲ್ಲಿ ಪೂರ್ವಕ್ಕೆ ನೋಡುತ್ತಾರೆ.
ಹಡಗಿನ ಆಯಸ್ಸು ನಲವತ್ತು ವರ್ಷ.
ಅಷ್ಟರೊಳಗೆ ನನ್ನಜ್ಜ ಮೂರು ಬಾವುಟಗಳಿಗೆ ಟೋಪಿ ತೆಗೆದಿದ್ದ.

ಖಾಲಿ ಜಾಗ ಕಂಡರೆ ಜನಕ್ಕೆ ಕೈ ಕಡಿಯುತ್ತದೆ.
ಪೊರಕೆ ಇಡುತ್ತೇವೆ ಎಂದರು. ಆಮೇಲೆ ಫ್ರಿಜ್ಜು.
ಆಮೇಲೆ ಕಂಪ್ಯೂಟರಿನ ಕಪಾಟು, ನಾಲ್ಕೇ ಟನ್ನು,
ನಿಮ್ಮ ಹತ್ತಿರ ಉಳಿದಿದೆಯಲ್ಲ?
ಉಳಿದಿದೆ ಅಂದೆವೋ, ಮುಗಿಯಿತು.

ಉಳಿಸುವ ಉಪಾಯ ಟೌನೋ ವೆಸ್ಟರಿನೆನ್ ಅವರದು.
ಕಲಿಸಿದ್ದಲ್ಲ, ಅವರು ಸತ್ತ ಮೇಲೆ ಸಿಕ್ಕಿದ್ದು.
ಅವರು ಲೆಕ್ಕವಿಟ್ಟ ಹಡಗನ್ನು ನೀರಿಗಿಳಿಸಿ
ವಾಲಿಸಿ ತೂಗಿದ ದಿನ
ಕಾಗದಕ್ಕಿಂತ ಹದಿನೇಳು ಟನ್ನು ಹಗುರ!
ಎಲ್ಲರೂ ಉಕ್ಕಿನ ಕಾರ್ಖಾನೆಯನ್ನು ಹೊಗಳಿದರು.
ಇಪ್ಪತ್ತು ವರ್ಷದ ಮೇಲೆ ಹೊಸ ರೇಡಾರು
ಆ ಹದಿನೇಳರ ಮೇಲೆ ಹಾಯಾಗಿ ಕೂತಿತು.
ನಾನೊಂದು ರಾತ್ರಿ ಅವರ ಹಳೆ ಪಟ್ಟಿ ಕೆದಕಿದೆ.
ಬಣ್ಣ: ಮೂವತ್ತೊಂದು ಟನ್ನು.
ಆ ಹಡಗಿಗೆ ಹದಿನಾಲ್ಕು ಧಾರಾಳ.
ಸುಳ್ಳಿಗೆ ಬಣ್ಣ ಹಚ್ಚುವವರನ್ನು ಬೇಕಾದಷ್ಟು ಕಂಡಿದ್ದೆ,
ಬಣ್ಣಕ್ಕೇ ಸುಳ್ಳು ಕಲಸಿದವರು ಇವರೊಬ್ಬರೇ.

ಈಗ ನನ್ನ ಹಡಗಿಗೂ ಬಣ್ಣ ತುಸು ದಪ್ಪ.
ಸೋಮವಾರ ಪಿಹ್ಲಾ ಬಂದಳು. ಇಪ್ಪತ್ತಾರು ವಯಸ್ಸು,
ಬರುವ ವರ್ಷ ಈ ಮೇಜು ಅವಳದು.
ಚದರ ಮೀಟರಿಗೆ ಇಷ್ಟು ಗ್ರಾಮು ಎಂದು ಗುಣಿಸಿ, ಕೂಡಿ,
ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲಿಟ್ಟು
ನನ್ನ ಮುಖ ನೋಡಿದಳು.
ಬಯಲಾಯಿತು ನನ್ನ ಬಣ್ಣ, ಅಂದುಕೊಂಡೆ.
ಹೊರಗೆ ಕ್ರೇನು ಒಂದು ಹಾಳೆಯನ್ನೆತ್ತಿ
ಎಲ್ಲಿಡಲಿ ಎಂಬಂತೆ ನಿಂತಿತ್ತು.
ಇಲ್ಲಿ ಉಪ್ಪು ಜಾಸ್ತಿ, ಅಂದೆ.
ಈ ಕಡಲಲ್ಲಿ ಉಪ್ಪೇ ಕಡಿಮೆ ಎಂದು
ರೌಮಾದ ಎಳೆಮಕ್ಕಳಿಗೂ ಗೊತ್ತು.
ಹೂಂ, ಅಂದಳು.

ಇವತ್ತು ಪಟ್ಟಿ ತೆರೆದರೆ ಬಣ್ಣದ ಕೆಳಗೆ
ನಾನು ಬರೆಯದ ಸಾಲೊಂದಿದೆ:
ತುಕ್ಕು ತಡೆ, ಎರಡನೇ ಬಳಿತ, ಎರಡೂವರೆ ಟನ್ನು.
ಅವಳು ಕಾಫಿ ತರಲು ಹೋಗಿದ್ದಳು.